ಪ್ರಾರ್ಥನೆಗೆ ಕೊಟ್ಟ ವಿಷಯ

ನಮ್ಮಮ್ಮನ ಮದುವೆಯ ಪ್ರಕಟಣೆಯನ್ನು ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಮೊದಲ ಸಲ ಓದಿದ ಭಾನುವಾರ ನಾನು ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಓದಿದ್ದು ನಾಲ್ಕೇ ಮಾತು. ಇಂಥ ವಿಧುರನಿಗೂ ಇಂಥ ವಿಧವೆಗೂ ವಿವಾಹ ನಿಶ್ಚಯವಾಗಿದೆ, ಇದಕ್ಕೆ ನ್ಯಾಯವಾದ ಅಡ್ಡಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು, ಇದು ಮೊದಲನೆಯ ಪ್ರಕಟಣೆ. ಬೇರೆ ದಿನವಾಗಿದ್ದರೆ, ಹುಡುಗ ಹುಡುಗಿಯ ಹೆಸರು ಓದುತ್ತಿದ್ದ ಹಾಗೆ ಹಿಂದಿನ ಬೆಂಚಿನಲ್ಲಿ ಕಿಸಕ್ ಅಂತ ಒಂದು ನಗು ಏಳುತ್ತಿತ್ತು, ಯಾರೋ ಯಾರಿಗೋ ಮೊಣಕೈಯಲ್ಲಿ ತಿವಿಯುತ್ತಿದ್ದರು. ಅವತ್ತು ಒಬ್ಬರೂ ನಗಲಿಲ್ಲ. ಫ್ಯಾನು ತಿರುಗುವ ಸದ್ದು ಕೇಳಿಸುತ್ತಿತ್ತು. ಅಮ್ಮ ಸೆರಗು ಸರಿಮಾಡಿಕೊಂಡು ಮುಂದಿನ ಕೀರ್ತನೆಯ ಪುಟ ಹುಡುಕತೊಡಗಿದಳು.

ನಮ್ಮ ಸಭೆಯಲ್ಲಿ ಯಾರದೇ ಮದುವೆಯಾಗಲಿ, ಹೀಗೆ ಮೂರು ಭಾನುವಾರ ಓದಬೇಕು. ಯಾಕೆ ಓದುತ್ತಾರೆ? ಗಂಡಿಗೆ ಇನ್ನೊಂದೂರಲ್ಲಿ ಈಗಾಗಲೇ ಹೆಂಡತಿ ಇದ್ದರೆ, ಹೆಣ್ಣನ್ನು ಹೆದರಿಸಿ ಒಪ್ಪಿಸಿದ್ದರೆ, ಗೊತ್ತಿದ್ದವರು ಎದ್ದು ಹೇಳಲಿ ಅಂತ. ಒಳ್ಳೆಯ ಪದ್ಧತಿಯೇ. ಆದರೆ ನಮ್ಮ ಜನ ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡಿದ್ದಾರೆ. ಮೂರು ವಾರ ಟೈಮ್ ಕೊಟ್ಟಿದ್ದಾರೆ, ಬುದ್ಧಿ ಹೇಳುವವರೆಲ್ಲ ಸಾಲಾಗಿ ಬನ್ನಿ ಅಂತ.

ಅಮ್ಮನಿಗೆ ಅರವತ್ತು ದಾಟಿದೆ. ಯಲಹಂಕದ ಒಂದು ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದಳು. ಅಪ್ಪ ಹೋಗಿ ಬಹಳ ವರ್ಷವಾಯಿತು. ಆಗಿನಿಂದ ಅಟ್ಟೂರಿನ ಮನೆಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದಾಳೆ. ಅವರಿಬ್ಬರೂ ಕೆಲಸಕ್ಕೆ ಹೋಗುವವರು, ಎರಡು ಮಕ್ಕಳು. ಬೆಳಿಗ್ಗೆ ತಿಂಡಿ, ನಾಲ್ಕು ಡಬ್ಬಿ, ಸ್ಕೂಲ್ ವ್ಯಾನು, ಸಂಜೆ ಹಾಲು, ಹೋಮ್‌ವರ್ಕು, ಎಲ್ಲ ಅಮ್ಮನದೇ. ಅದನ್ನು ಅವಳು ಒಂದು ದಿನವೂ ಕಷ್ಟ ಅಂತ ಹೇಳಿದ್ದಿಲ್ಲ. ಹೇಳದಿದ್ದರೆ ಕಷ್ಟ ಇಲ್ಲ ಅಂತ ಎಲ್ಲರೂ ತಿಳಿದುಕೊಂಡಿದ್ದರು.

ಗಂಡು ನಾಗಸಂದ್ರದವರು. ಅಂದರೆ ಗದಗದ ಕಡೆಯಿಂದ ಹುಡುಗರಾಗಿದ್ದಾಗಲೇ ಬಂದು, ತುಮಕೂರು ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ದುಡಿದು, ರಿಟೈರ್ ಆಗಿ, ಹೆಂಡತಿಯನ್ನು ಕಳೆದುಕೊಂಡು, ಒಬ್ಬರೇ ಇರುವವರು. ನಾನು ಅಂಕಲ್ ಅನ್ನುತ್ತೇನೆ. ನಮ್ಮ ಸಭೆಯ ಗಾಯಕವೃಂದದಲ್ಲಿ ಎಲ್ಲರಿಗಿಂತ ಕೆಳಗಿನ ಸ್ವರ ಅವರದು. ಅಮ್ಮನೂ ಅದರಲ್ಲಿ ಹಾಡುವವಳೇ, ಪ್ರಕಟಣೆ ಓದುವ ಭಾನುವಾರಗಳಲ್ಲಿ ಮಾತ್ರ ನನ್ನ ಜೊತೆ ಬೆಂಚಿನಲ್ಲಿ ಕೂತಳು. ಅವರು ಶುರು ಮಾಡಿದರೆ ಬೆಂಚಿಗೇ ನಡುಕ ಬರುತ್ತದೆ. ಮನೆಯಲ್ಲೇ ಶೇಂಗಾ ಚಟ್ನಿಪುಡಿ ಕುಟ್ಟಿ, ಹಳೆಯ ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಹಾಡುವವರಿಗೆಲ್ಲ ಹಂಚುವುದು ಅವರ ಅಭ್ಯಾಸ. ಅಮ್ಮನ ಬಾಟಲಿ ಸ್ವಲ್ಪ ದೊಡ್ಡದಿರುತ್ತಿತ್ತು ಅನ್ನುವುದನ್ನು ನಾನು ಗಮನಿಸಿದ್ದೆ. ಸುಮ್ಮನಿದ್ದೆ.

ಅಮ್ಮ ವಿಷಯ ಹೇಳಿದ್ದು ಅವರೆಕಾಯಿ ಸೀಸನ್ನಿನಲ್ಲಿ. ನೆನೆಸಿದ ಕಾಳನ್ನು ಹಿಸುಕಿ ಬೇಳೆ ತೆಗೆಯುತ್ತಾ ಕೂತಿದ್ದೆವು. ನಾನು ಮತ್ತಿಕೆರೆಯಲ್ಲಿರುವುದು, ಅಲ್ಲೇ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ರಜಾದಿನ ಅಂತ ಅಮ್ಮನ ಮನೆಗೆ ಬಂದಿದ್ದೆ. ಅಣ್ಣನೂ ಎದುರಿಗೇ ಇದ್ದ. ಅಮ್ಮ ತಲೆ ಎತ್ತದೆ, "ಅವರು ಕೇಳಿದ್ರು. ನಾನು ಆರು ತಿಂಗಳು ಪ್ರಾರ್ಥನೆ ಮಾಡ್ದೆ. ಅಯ್ಯನವರ ಹತ್ರಾನೂ ಮಾತಾಡ್ದೆ. ಆಗ್ಲಿ ಅಂತ ಅನ್ನಿಸ್ತಿದೆ" ಅಂದಳು. ಅಯ್ಯನವರು ಅಂದರೆ ನಮ್ಮ ಸಭಾಪಾಲಕರು.

ನಾನು ಬೆಪ್ಪಾಗಿ, "ಯಾಕಮ್ಮಾ?" ಅಂದೆ. ಬೇಡ ಅಂತಲ್ಲ, ಏನೋ ಒಂದು ಬಾಯಿಗೆ ಬಂತು.

"ಹಾಡೋರೆಲ್ಲ ಅವರ ಮನೇಲಿ ಊಟಕ್ಕೆ ಹೋಗಿದ್ವಲ್ಲ, ಅವತ್ತು ನನ್ನ ಕೂರಿಸಿ ಬಡಿಸಿದ್ರು ಕಣೆ. ಊಟದ ಮಧ್ಯೆ ಒಂದು ಸಲಾನೂ ನಾನು ಎದ್ದೇಳ್ಲಿಲ್ಲ" ಅಂದಳು. ಆಮೇಲೆ ನಾಚಿಕೊಂಡು, ಬೇಳೆಯ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು.

ಅಣ್ಣ ನಗುತ್ತಾ, "ನಿನ್ನಿಷ್ಟ ಅಮ್ಮಾ, ನಾವೂ ಪ್ರಾರ್ಥನೆ ಮಾಡ್ತೀವಿ" ಅಂತ ಕೂಗಿ ಹೇಳಿದ. ಎಷ್ಟು ಒಳ್ಳೆಯ ಮಗ ಅಂದುಕೊಂಡೆ.

ಇರಲಿ. ಆ ಮೊದಲ ಭಾನುವಾರ ಆರಾಧನೆ ಮುಗಿದು ಹೊರಗೆ ಬಂದೆವು. ನಮ್ಮಲ್ಲಿ ಹೊಂಗೆ ಮರದ ಕೆಳಗೆ ಟೀ ಕೊಡುತ್ತಾರೆ. ಅಮ್ಮ ಟೀ ಲೋಟ ಹಿಡಿದಿದ್ದೇ ತಡ, ಒಬ್ಬೊಬ್ಬರೇ ಬಂದು ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋಗತೊಡಗಿದರು. ಎಲ್ಲರದೂ ಒಂದೇ ಪೀಠಿಕೆ: "ತಪ್ಪು ತಿಳ್ಕೋಬೇಡಿ ಸಿಸ್ಟರ್, ಪ್ರೀತಿಯಿಂದ ಹೇಳ್ತಿದೀನಿ."

ಅಯ್ಯೋ, ಈ "ಪ್ರೀತಿಯಿಂದ ಹೇಳ್ತಿದೀನಿ" ಅನ್ನುವ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಅದಾದ ಮೇಲೆ ಪ್ರೀತಿಯ ಒಂದು ಮಾತೂ ಬಂದದ್ದನ್ನು ನಾನು ಕೇಳಿಲ್ಲ.

ಮೊದಲು ಬಂದಿದ್ದು ನಮ್ಮ ಸಭೆಯ ಹಿರಿಯರೊಬ್ಬರು. ಇವರ ಮೊದಲ ಹೆಂಡತಿಯ ವರ್ಷದ ಸ್ಮರಣೆಯ ಕೂಟಕ್ಕೆ ಬಂದವರಿಗೆ ಊಟ ಬಡಿಸಿದ್ದೇ ಇವರ ಎರಡನೇ ಹೆಂಡತಿ. ಅಂಥ ಮಹಾನುಭಾವರು ಅಮ್ಮನಿಗೆ, "ಈ ವಯಸ್ಸಲ್ಲಿ ಇದೆಲ್ಲ ಬೇಕಾ ಸಿಸ್ಟರ್? ಮೊಮ್ಮಕ್ಕಳನ್ನ ನೋಡ್ಕೊಂಡು ಹಾಯಾಗಿರಿ" ಅಂದರು. ನನಗೆ ತಡೆಯಲಾಗಲಿಲ್ಲ. "ಅಂಕಲ್, ನೀವು ಎರಡನೇ ಮದುವೆ ಆಗಿದ್ದು ಯಾವ ವಯಸ್ಸಲ್ಲಿ?" ಅಂದೆ. ಅವರಿಗೆ ಬೇಜಾರೇನೂ ಆಗಲಿಲ್ಲ. "ಗಂಡಸರ ವಿಷಯ ಬೇರೆ ಅಮ್ಮಾ, ನಮಗೆ ಅನ್ನ ಮಾಡ್ಕೊಳ್ಳೋಕೆ ಬರಲ್ಲ" ಅಂದರು. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಅನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಆಮೇಲೆ ಬಂದವರು ಪಕ್ಕದ ಲೇಔಟಿನ ಒಬ್ಬ ಆಂಟಿ. ಅಮ್ಮನಿಗೆ ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಫೋನೂ ಮಾಡದವರು. "ನಾಲ್ಕು ಜನ ಏನಂತಾರೆ ಅಂತ ಯೋಚನೆ ಮಾಡಿದ್ರಾ?" ಅಂತ ಕೇಳಿದರು. ಆ ನಾಲ್ಕು ಜನ ಯಾರು ಅಂತ ಹುಡುಕಿಕೊಂಡು ಹೋದರೆ ಮೊದಲನೆಯವರು ಇವರೇ ಸಿಗುತ್ತಾರೆ. ಮೂರನೆಯವರು ಮಾತ್ರ ಏನೂ ಹೇಳದೆ, ಅಮ್ಮನ ಎರಡೂ ಕೈ ಹಿಡಿದುಕೊಂಡು, ಯಾರೋ ಸತ್ತ ಮನೆಗೆ ಬಂದ ಹಾಗೆ ತಲೆ ಅಲ್ಲಾಡಿಸಿ ಹೋದರು.

ಬಸ್ಸಿಗೆ ಕಾಯುವಾಗ ನಾನು ಕುದಿಯುತ್ತಿದ್ದೆ. ಅಮ್ಮ ನನಗೇ ಸಮಾಧಾನ ಹೇಳಿದಳು. "ಹೋಗ್ಲಿ ಬಿಡೆ. ನನ್ನ ಒಳ್ಳೇದಕ್ಕೇ ಹೇಳ್ತಾರೆ. ಬಹಳ ಜನರ ಆಲೋಚನೆ ಕೇಳೋದು ಕ್ಷೇಮ ಅಂತ ನಾವು ಚಿಕ್ಕಂದಿನಿಂದ ಕಲಿತಿಲ್ವಾ?"

ಕಲಿತಿದ್ದೇವೆ, ನಿಜ. ಸಂಡೇ ಸ್ಕೂಲಿನಲ್ಲಿ ಅದನ್ನು ಬಾಯಿಪಾಠ ಹೇಳಿ ನಾನು ಬಹುಮಾನವನ್ನೂ ತೆಗೆದುಕೊಂಡಿದ್ದೇನೆ. ಆದರೆ ಅದೇ ಸಂಡೇ ಸ್ಕೂಲಿನಲ್ಲಿ ಬೇರೆ ಕಥೆಗಳನ್ನೂ ಹೇಳಿಕೊಟ್ಟಿದ್ದರಲ್ಲ? ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತ ಭಕ್ತನಿಗೆ ಮೂವರು ಸ್ನೇಹಿತರು ಬಂದು ಪುಟಗಟ್ಟಲೆ ಬುದ್ಧಿ ಹೇಳುತ್ತಾರೆ. ಎಲ್ಲವೂ ದೇವರ ಪರವಾದ ಮಾತೇ, ಒಂದೊಂದೂ ಕೇಳಲು ಚೆಂದ. ಕೊನೆಗೆ ದೇವರು ಸಿಟ್ಟಾಗುವುದು ನರಳಿದವನ ಮೇಲಲ್ಲ, ಬುದ್ಧಿ ಹೇಳಿದವರ ಮೇಲೆ! ಇದನ್ನು ಯಾಕೆ ಯಾರೂ ಬಾಯಿಪಾಠ ಮಾಡಿಸುವುದಿಲ್ಲ?

ಇನ್ನೊಂದಿದೆ, ಅದು ನನಗೆ ಇನ್ನೂ ಹತ್ತಿರದ್ದು. ಯೇಸುಸ್ವಾಮಿ ತಾನು ಪಾಡುಪಟ್ಟು ಸಾಯಬೇಕು ಅಂತ ಹೇಳಿದಾಗ, ಪ್ರಾಣಸ್ನೇಹಿತನೇ ಆತನನ್ನು ಪಕ್ಕಕ್ಕೆ ಕರೆದು, ಹಾಗೆಲ್ಲ ಆಗಬಾರದು ಅನ್ನುತ್ತಾನೆ. ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಸಂಶಯವಿಲ್ಲ. ಅವನಿಗೆ ಸಿಕ್ಕಿದ ಬೈಗುಳದಷ್ಟು ಖಾರವಾದ ಬೈಗುಳ ಶಿಷ್ಯರಲ್ಲಿ ಬೇರೆ ಯಾರಿಗೂ ಸಿಗಲಿಲ್ಲ. ಅಂದಮೇಲೆ ಹೇಳುವವರಿಗೆ ಪ್ರೀತಿ ಇದ್ದ ಮಾತ್ರಕ್ಕೆ ಅವರ ಮಾತು ದೇವರ ಮಾತಾಗುವುದಿಲ್ಲ. ಪರೀಕ್ಷೆ ಮಾಡಿ ನೋಡಿ ಅಂತ ಸ್ವಾಮಿಯ ಮಾತು ಸಾರಿದ ಅಪೊಸ್ತಲರು ಬರೆದದ್ದು ಸುಮ್ಮನೆಯೇ? ಗಂಡ ಸತ್ತವಳು ತನಗೆ ಇಷ್ಟವಾದವನನ್ನು ಮದುವೆಯಾಗಬಹುದು, ಅವನು ವಿಶ್ವಾಸಿಯಾಗಿದ್ದರೆ ಸಾಕು ಅಂತಲೂ ಅವರೇ ಬರೆದಿದ್ದಾರೆ. ಅಚ್ಚುಕಟ್ಟಾಗಿ, ಎಲ್ಲರಿಗೂ ಅರ್ಥವಾಗುವ ಹಾಗೆ. ಅದನ್ನು ಹೇಳುವುದಕ್ಕೆ ಹೊಂಗೆ ಮರದ ಕೆಳಗೆ ಒಬ್ಬರೂ ಬರಲಿಲ್ಲ.

ಎರಡನೇ ಭಾನುವಾರವೂ ಓದಿದರು. ಅಡ್ಡಿ ಇದ್ದರೆ ತಿಳಿಸಬೇಕು ಅಂದಾಗ ಯಾರೂ ಉಸಿರೆತ್ತಲಿಲ್ಲ. ಹೊರಗೆ ಬಂದ ಮೇಲೆ ಮತ್ತೆ ಪಕ್ಕಕ್ಕೆ ಕರೆಯುವುದು, ಮತ್ತೆ ಪ್ರೀತಿ. ಅಮ್ಮ ನಗುನಗುತ್ತಲೇ ಎಲ್ಲರಿಗೂ ತಲೆಯಾಡಿಸಿದಳು. ಮನೆಗೆ ಬಂದು, ಮದುವೆಗೆ ಉಡಬೇಕಾದ ತಿಳಿ ಬಣ್ಣದ ಸೀರೆಗೆ ತಾನೇ ಫಾಲ್ ಹೊಲಿಯುತ್ತಾ ಕೂತಳು. ಇಷ್ಟಕ್ಕೆಲ್ಲ ಅವಳು ಜಗ್ಗುವವಳಲ್ಲ ಅಂತ ನನಗೆ ಧೈರ್ಯ ಬಂತು.

ಶುಕ್ರವಾರ ಮಧ್ಯಾಹ್ನ ಲೈಬ್ರರಿಯಲ್ಲಿದ್ದಾಗ ಅವಳ ಫೋನ್ ಬಂತು. ದನಿಯೇ ಸತ್ತುಹೋಗಿತ್ತು. "ಬೇಡ ಕಣೆ. ನಿಲ್ಲಿಸಿಬಿಡೋಣ" ಅಂದಳು.

ಅರ್ಧ ದಿನ ರಜೆ ಹಾಕಿ ಓಡಿದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತೇ ನಿಂತಿತು, ಇಳಿದು ನಡೆದುಬಿಡೋಣ ಅನ್ನಿಸಿತು. ಅಟ್ಟೂರು ತಲುಪಿದಾಗ ಅಮ್ಮ ಅಡುಗೆಮನೆಯಲ್ಲಿ ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಕೇಳಿ ಕೇಳಿ ಬಾಯಿ ಬಿಡಿಸಿದೆ.

ಹಿಂದಿನ ದಿನ ನಮ್ಮ ಸಭೆಯ ಮಹಿಳಾ ಪ್ರಾರ್ಥನಾ ಕೂಟ ನಡೆಸುವ ಆಂಟಿ ಮನೆಗೆ ಬಂದಿದ್ದರಂತೆ. ಆರ್.ಟಿ. ನಗರದವರು. ಜೊತೆಗೆ ಇನ್ನಿಬ್ಬರು. ಅಮ್ಮನ ತಲೆಯ ಮೇಲೆ ಕೈಯಿಟ್ಟು ಅತ್ತು ಪ್ರಾರ್ಥನೆ ಮಾಡಿದರಂತೆ. ಆಮೇಲೆ ಆಂಟಿ, "ಸಿಸ್ಟರ್, ನಾನಾಗಿ ಹೇಳ್ತಿಲ್ಲ, ಕರ್ತರು ತೋರಿಸಿದ್ದನ್ನ ಹೇಳ್ತಿದೀನಿ. ಉಪವಾಸದಲ್ಲಿದ್ದಾಗ ನಿಮ್ಮ ಯಜಮಾನ್ರು ಕಾಣಿಸಿದ್ರು. ಬಿಳೀ ಬಟ್ಟೆ ಹಾಕ್ಕೊಂಡಿದ್ರು. ಈ ಮನೆ ಬಾಗಿಲಲ್ಲಿ ನಿಂತ್ಕೊಂಡು ಅಳ್ತಾ ಇದ್ರು" ಅಂದರಂತೆ.

"ನಿಮ್ಮಪ್ಪ ಅಳ್ತಿದ್ರಂತೆ ಕಣೆ" ಅಂತ ಅಮ್ಮ ನನ್ನ ಮುಖ ನೋಡಿದಳು. "ಬದುಕಿದ್ದಾಗ ನಾನು ಅವರನ್ನ ಒಂದು ಸಲಾನೂ ಅಳಿಸ್ದವಳಲ್ಲ."

ಜನರ ಬಾಯಿಗೆ ಹೆದರದವಳು ದೇವರ ಹೆಸರು ಕೇಳಿ ಕುಸಿದು ಕೂತಿದ್ದಳು. ಪರಲೋಕದಲ್ಲಿ ಕಣ್ಣೀರಿಲ್ಲ ಅಂತಲ್ಲವೇನಮ್ಮಾ ನಮ್ಮ ನಂಬಿಕೆ, ಅಂದೆ. ಅಲ್ಲಿ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ ಅಂತ ಸ್ವಾಮಿಯೇ ಹೇಳಿಲ್ಲವಾ, ಅಂದೆ. ಕೇಳುವ ಸ್ಥಿತಿಯಲ್ಲೇ ಅವಳಿರಲಿಲ್ಲ. ಆಗಲೇ ಅಯ್ಯನವರಿಗೆ ಫೋನ್ ಮಾಡಿ, ಮೂರನೇ ಸಲ ಓದಬೇಡಿ ಅಂದಿದ್ದಳು. ಅವರು ಒಳ್ಳೆಯವರು. "ಶನಿವಾರ ಸಂಜೆವರೆಗೂ ಯೋಚನೆ ಮಾಡಿ ಅಮ್ಮಾ. ಈ ವಾರ ಓದದೆ ಬಿಟ್ರೆ ಮತ್ತೆ ಮೊದಲಿಂದ ಓದ್ಬೇಕಾಗುತ್ತೆ. ಅಷ್ಟರಲ್ಲಿ ಲೆಂಟ್ ಶುರುವಾಗುತ್ತೆ" ಅಂದಿದ್ದರಂತೆ. ಲೆಂಟ್ ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ಆಗ ನಮ್ಮಲ್ಲಿ ಮದುವೆ ಮಾಡುವುದಿಲ್ಲ. ಈಸ್ಟರ್ ಕಳೆದ ಮೇಲೆ ಅಮ್ಮ ಮತ್ತೊಮ್ಮೆ ಧೈರ್ಯ ಮಾಡುತ್ತಾಳೆ ಅನ್ನುವ ನಂಬಿಕೆ ನನಗಿರಲಿಲ್ಲ. ಈ ಸಲ ನಿಂತರೆ ನಿಂತ ಹಾಗೆಯೇ.

ನಾಗಸಂದ್ರಕ್ಕೂ ಅವಳೇ ಫೋನ್ ಮಾಡಿ ಹೇಳಿಯಾಗಿತ್ತು. ನಾನು ಹೊರಗೆ ಬಂದು ಅಂಕಲ್‌ಗೆ ಫೋನ್ ಮಾಡಿದೆ. ಜಗಳವಾಡಿಯಾದರೂ ಅಮ್ಮನನ್ನು ಒಪ್ಪಿಸುತ್ತಾರೆ ಅಂದುಕೊಂಡಿದ್ದೆ. ಅವರು ನಿಧಾನವಾಗಿ, "ನಿಮ್ಮವ್ವಾರಿಗೆ ಸಮಾಧಾನ ಇಲ್ಲಂದ್ರ ನನಗೂ ಬ್ಯಾಡವಾ. ಒತ್ತಾಯ ಮಾಡಿ ಮಾಡಿಕೊಳ್ಳೂದಲ್ಲ ಇದು" ಅಂದರು. ಆಮೇಲೆ, "ಆದ್ರ ಬ್ಯಾಡ ಅಂದವರು ಅವರೋ, ಮತ್ತ್ಯಾರರ ಅವರ ಕಡೆಯಿಂದ ಅನಿಸ್ಯಾರೋ, ಅಷ್ಟ ನೋಡವಾ" ಅಂದರು. ನಮ್ಮಮ್ಮನಿಗೆ ಬುದ್ಧಿ ಹೇಳಿದ ಅಷ್ಟೂ ಜನರಲ್ಲಿ ತನಗಾಗಿ ಏನನ್ನೂ ಕೇಳದೆ ಮಾತಾಡಿದವರು ಇವರೊಬ್ಬರೇ. ನಷ್ಟ ಆಗುತ್ತಿದ್ದುದೂ ಇವರಿಗೇ.

ಶನಿವಾರ ಬೆಳಿಗ್ಗೆ ಆರ್.ಟಿ. ನಗರಕ್ಕೆ ಹೋದೆ. ಜಗಳಕ್ಕೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ದಾರಿಯುದ್ದಕ್ಕೂ ಮಾತು ಮಸೆದುಕೊಂಡೇ ಹೋದೆ. ಆಂಟಿ ಬಾಗಿಲು ತೆಗೆದು, ನನ್ನನ್ನು ನೋಡಿ ನಿಜವಾದ ಖುಷಿಯಿಂದ ಅಪ್ಪಿಕೊಂಡರು. ಉಪವಾಸದಿಂದ ಮುಖ ಬಾಡಿತ್ತು. ಟೀ ಕೊಟ್ಟು, ತಟ್ಟೆಯಲ್ಲಿ ಕೇಕ್ ಇಟ್ಟರು. ಅದನ್ನು ನೋಡಿ ನನ್ನ ಅರ್ಧ ಮಾತು ಅಲ್ಲೇ ಉದುರಿಹೋಯಿತು.

"ಆಂಟಿ, ನಮ್ಮಮ್ಮನ ವಿಷಯ ನಿಮಗ್ಯಾಕೆ ಬೇಕಿತ್ತು?" ಅಂತ ಮಾತ್ರ ಕೇಳಿದೆ.

ಅವರಿಗೆ ಆಶ್ಚರ್ಯವಾಯಿತು. "ನಾನಾಗಿ ಕೈ ಹಾಕಿದ್ದಲ್ಲ ಕಣಮ್ಮಾ. ನಿಮ್ಮಣ್ಣ ವಿಷಯ ಕೊಟ್ಟ."

ವಿಷಯ ಕೊಡುವುದು ಅಂದರೆ ಏನು ಅಂತ ನಮ್ಮವರಲ್ಲದವರಿಗೆ ಹೇಳಬೇಕು. ನಮ್ಮ ಪ್ರಾರ್ಥನಾ ಕೂಟಗಳಲ್ಲಿ, ಯಾವುದಕ್ಕಾಗಿ ಎಲ್ಲರೂ ಪ್ರಾರ್ಥಿಸಬೇಕು ಅಂತ ಒಬ್ಬೊಬ್ಬರೂ ಹೇಳುತ್ತಾರೆ. ಮಗಳ ಪರೀಕ್ಷೆ, ಗಂಡನ ಕುಡಿತ, ಮಂಡಿನೋವು. ಅದಕ್ಕೆ ಪ್ರಾರ್ಥನೆಯ ವಿಷಯ ಅನ್ನುತ್ತೇವೆ. ಎಷ್ಟೋ ಮನೆಗಳು ಅದರಿಂದ ಉಳಿದಿವೆ, ನಾನು ಕಂಡಿದ್ದೇನೆ. ಆದರೆ ಚಾಡಿಗೂ ಅದೇ ಬಾಗಿಲು. ನೇರವಾಗಿ ಹೇಳಿದರೆ ಚಾಡಿ, ಕಣ್ಣು ಮುಚ್ಚಿ ಹೇಳಿದರೆ ಪ್ರಾರ್ಥನೆಯ ವಿಷಯ.

"ಏನಂತ ಕೊಟ್ಟ?"

"ಪಾಪ, ಕಣ್ಣಲ್ಲಿ ನೀರಿಟ್ಕೊಂಡು ಹೇಳ್ದ ಕಣಮ್ಮಾ. ಈ ಮದುವೆ ದೇವರ ಚಿತ್ತ ಅಲ್ಲ ಆಂಟಿ, ಅಪ್ಪನ ಆತ್ಮಕ್ಕೆ ನೋವಾಗುತ್ತೆ, ಅಮ್ಮನಿಗೆ ಹೇಗಾದ್ರೂ ತಿಳಿಯೋ ಹಾಗೆ ಪ್ರಾರ್ಥನೆ ಮಾಡಿ, ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ ಅಂದ. ಅದಕ್ಕೇ ನಾವು ಉಪವಾಸ ಕೂತ್ವಿ. ಎರಡನೇ ದಿನ ನಿಮ್ಮ ತಂದೆ ಕಾಣಿಸ್ಕೊಂಡ್ರು."

ಆಂಟಿ ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಸುಳ್ಳು ಹೇಳುವವರಾಗಿದ್ದರೆ ಬೈದು ಎದ್ದು ಬರಬಹುದಿತ್ತು. ಈ ಹೆಂಗಸು ನಮ್ಮಮ್ಮನಿಗೋಸ್ಕರ ನಿಜವಾಗಿಯೂ ಅನ್ನ ಬಿಟ್ಟು ಕೂತಿದ್ದರು.

"ಆಂಟಿ, ಅಪ್ಪನಿಗೆ ನೋವಾಗುತ್ತೆ ಅಂತ ಮೊದಲೇ ಹೇಳಿಸ್ಕೊಂಡು, ಹೊಟ್ಟೆಗಿಲ್ಲದೆ ಕಣ್ಣು ಮುಚ್ಚಿ ಕೂತ್ರೆ, ಅಪ್ಪ ಅಳೋದಲ್ಲದೆ ಬೇರೇನು ಕಾಣುತ್ತೆ? ಅದು ಕರ್ತರು ತೋರಿಸಿದ್ದೋ, ನಮ್ಮಣ್ಣ ತೋರಿಸಿದ್ದೋ?" ಅಂದೆ.

ಅವರ ಮುಖ ಕೆಂಪಾಯಿತು. "ಪವಿತ್ರಾತ್ಮನ ವಿಷಯದಲ್ಲಿ ಹಾಗೆಲ್ಲ ಮಾತಾಡಬಾರದಮ್ಮಾ" ಅಂದರು. "ಪವಿತ್ರಾತ್ಮನ ಬಗ್ಗೆ ನಾನು ಏನೂ ಹೇಳ್ಲಿಲ್ಲ ಆಂಟಿ" ಅಂತ ಹೇಳಿ ಎದ್ದೆ. ಕೇಕ್ ಮುಟ್ಟಲಿಲ್ಲ. ಅದೊಂದು ಸೇಡು ಅಂತ ನನಗೆ ಆಗ ಅನ್ನಿಸಿತ್ತು.

ಅಟ್ಟೂರಿನಲ್ಲಿ ಅಣ್ಣ ನಡುಮನೆಯಲ್ಲಿ ಕೂತು ಮಕ್ಕಳ ಶೂಗಳಿಗೆ ಪಾಲಿಶ್ ಹಾಕುತ್ತಿದ್ದ. ಮಕ್ಕಳು ಟ್ಯೂಷನ್ನಿಗೆ ಹೋಗಿದ್ದರು. ಅಮ್ಮ ಸೀರೆಯನ್ನು ಮಡಿಸಿ ಕವರಿಗೆ ತುಂಬುತ್ತಿದ್ದಳು. ನಾನು ಚಪ್ಪಲಿ ಕೂಡ ಬಿಡದೆ, "ಆಂಟಿಗೆ ವಿಷಯ ಕೊಟ್ಟಿದ್ದು ನೀನಾ?" ಅಂದೆ.

ಬ್ರಶ್ ನಿಂತಿತು. "ಏನೀಗ? ಪ್ರಾರ್ಥನೆ ಮಾಡಿ ಅಂದೆ ಅಷ್ಟೇ. ಪ್ರಾರ್ಥನೆ ಮಾಡಿ ಅನ್ನೋದೂ ತಪ್ಪಾ?"

"ಥೂ, ನಾಚಿಕೆ ಆಗಲ್ವಾ ನಿನಗೆ? ಎದುರಿಗೆ ನಿನ್ನಿಷ್ಟ ಅಮ್ಮಾ ಅಂತೀಯ, ಹಿಂದಿನಿಂದ ಹೋಗಿ..."

"ನೀನು ಸುಮ್ನಿರು" ಅಂದಳು ಅಮ್ಮ, ನನಗೆ. ಸೀರೆಯನ್ನು ಪಕ್ಕಕ್ಕಿಟ್ಟು ಅಣ್ಣನ ಎದುರಿಗೆ ಬಂದು ಕೂತಳು. "ಏನಂತ ಪ್ರಾರ್ಥನೆ ಮಾಡೋಕೆ ಹೇಳ್ದೆ?"

ಅಣ್ಣ ನನ್ನನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಅತ್ತಿಗೆ ಬಾಗಿಲ ಹತ್ತಿರ ನಿಂತಿದ್ದವಳು ತಲೆ ತಗ್ಗಿಸಿದಳು.

"ನಿಲ್ಲಲಿ ಅಂತ" ಅಂದ.

"ಯಾಕೆ?"

"ಅಪ್ಪಂಗೆ..."

"ಅಪ್ಪನ್ನ ಬಿಡು. ನಿನಗೆ ಯಾಕೆ?"

ಅಣ್ಣ ಬ್ರಶ್ ಕೆಳಗಿಟ್ಟ. "ಬೆಳಿಗ್ಗೆ ನಾವಿಬ್ಬರೂ ಏಳೂವರೆಗೆ ಮನೆ ಬಿಡ್ತೀವಿ ಅಮ್ಮಾ. ಮಕ್ಕಳನ್ನ ಯಾರು ನೋಡ್ಕೋತಾರೆ? ಇವಳು ಕೆಲಸ ಬಿಡ್ಬೇಕಾಗುತ್ತೆ. ಇದನ್ನ ನಿನಗೆ ಹೇಗೆ ಹೇಳೋದು? ಹೇಳಿದ್ರೆ ಸ್ವಾರ್ಥಿ ಅಂತೀಯ."

ಅಮ್ಮ ಅವನನ್ನೇ ನೋಡುತ್ತಿದ್ದಳು. ಸಿಡುಕುತ್ತಾಳೆ ಅಂದುಕೊಂಡೆ. ಅವಳ ಕಣ್ಣು ತುಂಬಿಕೊಂಡಿತು.

"ಇದು ನಿಜವಾದ ಕಷ್ಟ ಕಣೋ. ಇದನ್ನೇ ಹೇಳಿದ್ದಿದ್ರೆ ಕೂತು ಯೋಚನೆ ಮಾಡ್ತಿದ್ವಿ. ಸ್ಕೂಲ್ ವ್ಯಾನು ನಾಗಸಂದ್ರಕ್ಕೆ ಬರಲ್ಲ ಅಂದ್ರೆ ನಾನೇ ದಿನಾ ಇಲ್ಲಿಗೆ ಬರ್ತಿದ್ದೆ, ಇಲ್ಲಾ ಯಾರನ್ನಾದ್ರೂ ನೋಡ್ತಿದ್ವಿ. ಏನೋ ಒಂದು ಆಗ್ತಿತ್ತು. ನಿನ್ನ ಬಾಯಲ್ಲಿ ಹೇಳೋಕೆ ನಾಚಿಕೆಯಾದ ಮಾತನ್ನ ದೇವರ ಬಾಯಲ್ಲಿ ಹೇಳಿಸ್ದೆಯಲ್ಲೋ! ಎರಡು ದಿನದಿಂದ ನಾನು ಮೊಣಕಾಲೂರಿ ನಿಮ್ಮಪ್ಪನ ಹತ್ರ ಕ್ಷಮೆ ಕೇಳ್ತಿದೀನಿ. ಸತ್ತವರ ಹತ್ರ ಮಾತಾಡಬಾರದು ಅಂತ ಗೊತ್ತಿದ್ದೂ ಕೇಳ್ತಿದೀನಿ. ನಾನೇನು ತಪ್ಪು ಮಾಡಿದ್ದೆ ಅಂತ ನನ್ನ ಕೈಲಿ ಹಾಗೆ ಮಾಡಿಸ್ದೆ?"

ಅಣ್ಣ ಅತ್ತ. ಅಳಲಿ ಅಂತ ನಾನು ಸುಮ್ಮನಿದ್ದೆ. ಅಮ್ಮ ಅವನ ತಲೆ ಸವರಿದಳು, ಅದು ನನಗೆ ಇಷ್ಟವಾಗಲಿಲ್ಲ. ಆದರೆ ಸವರುತ್ತಲೇ ಇನ್ನೊಂದು ಕೈಯಲ್ಲಿ ಫೋನ್ ತೆಗೆದುಕೊಂಡು ಅಯ್ಯನವರಿಗೆ ಮಾಡಿ, "ನಾಳೆ ಓದಿ ಅಯ್ಯನವರೇ" ಅಂದಳು. ಅದು ಇಷ್ಟವಾಯಿತು. ನಾಗಸಂದ್ರಕ್ಕೆ ಫೋನ್ ಮಾಡುವಾಗ ಮಾತ್ರ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇದೆಲ್ಲ ಆದ ಮೇಲೆ ನನಗೆ ಒಂದು ಯೋಚನೆ ಉಳಿದುಬಿಟ್ಟಿದೆ. ಬುದ್ಧಿವಾದ ದೇವರಿಂದ ಬಂತೋ ಇಲ್ಲವೋ ಅಂತ ನೋಡಲು ನಾವು ಎಷ್ಟು ಕಣ್ಣೀರು ಸುರಿಯಿತು, ಎಷ್ಟು ಉಪವಾಸ ಮಾಡಿದರು ಅಂತ ಲೆಕ್ಕ ಹಾಕುತ್ತೇವೆ. ಅದು ಯಾರ ಮನೆಯಿಂದ ಹೊರಟು, ಯಾವ ಬೀದಿ ಸುತ್ತಿ ನಮ್ಮ ಬಾಗಿಲಿಗೆ ಬಂತು ಅಂತ ಕೇಳುವುದಿಲ್ಲ. ಕೇಳಿದರೆ ಅವಿಶ್ವಾಸ ಅಂತಾರೆ. ಮೇಲಿನಿಂದ ಬರುವ ಜ್ಞಾನದಲ್ಲಿ ಕಪಟವಿರುವುದಿಲ್ಲ ಅಂತ ನಮ್ಮ ಗ್ರಂಥವೇ ಹೇಳುತ್ತದೆ. ಹಾಗಿದ್ದ ಮೇಲೆ "ನಾನು ಹೇಳ್ದೆ ಅನ್ಬೇಡಿ" ಅನ್ನುವ ಮಾತು ಸೇರಿಕೊಂಡಲ್ಲೇ ಆ ಆಂಟಿ ಎಚ್ಚೆತ್ತುಕೊಳ್ಳಬೇಕಿತ್ತು. ದೇವರು ಯಾಕೆ ಹೆಸರು ಮುಚ್ಚಿಟ್ಟುಕೊಂಡು ಮಾತಾಡುತ್ತಾನೆ? ಆತನಿಗೆ ಯಾರ ಭಯ?

ಮೂರನೇ ಭಾನುವಾರ ಅಣ್ಣ ಅತ್ತಿಗೆ ಮಕ್ಕಳ ಜೊತೆ ನಮ್ಮ ಬೆಂಚಿನಲ್ಲೇ ಕೂತರು. ಅಯ್ಯನವರು ಪ್ರಕಟಣೆ ಓದಿದರು. ಅಡ್ಡಿ ಗೊತ್ತಿದ್ದವರು ತಿಳಿಸಬೇಕು ಅಂತ ಹೇಳಿ, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ನಿಂತರು. ಹಿರಿಯರು ಕನ್ನಡಕ ಒರೆಸಿಕೊಂಡರು. ಡೆಂಗ್ಯೂ ಸಮಯದಲ್ಲಿ ಕಾಣೆಯಾಗಿದ್ದ ಆಂಟಿ ಸೂರು ನೋಡುತ್ತಿದ್ದರು. ಪಕ್ಕಕ್ಕೆ ಕರೆದು ಅಷ್ಟೊಂದು ಮಾತಾಡಿದವರಲ್ಲಿ, ಎಲ್ಲರೆದುರು ಹೇಳುವ ಮಾತು ಒಬ್ಬರ ಹತ್ತಿರವೂ ಇರಲಿಲ್ಲ. ಗಾಯಕವೃಂದದ ಹಿಂದಿನ ಸಾಲಿನಿಂದ ಅಂಕಲ್ ಒಮ್ಮೆ ಕೆಮ್ಮಿದರು, ಅಷ್ಟೇ.

ಹೊಂಗೆ ಮರದ ಕೆಳಗೆ ಆರ್.ಟಿ. ನಗರದ ಆಂಟಿ ಅಮ್ಮನ ಹತ್ತಿರ ಬಂದರು. ನಾನು ಮಧ್ಯೆ ನುಗ್ಗಲು ಹೊರಟೆ, ಅಮ್ಮ ನನ್ನ ತೋಳು ಹಿಡಿದಳು. ಆಂಟಿಯ ಕಣ್ಣು ಒದ್ದೆಯಾಗಿತ್ತು. "ಸಿಸ್ಟರ್, ನನ್ನ ಮೇಲೆ ಬೇಜಾರು ಇಟ್ಕೋಬೇಡಿ. ನಾನು ನಿಮ್ಮ ವಿಷಯದಲ್ಲಿ ಇನ್ನೂ ಪ್ರಾರ್ಥನೆ ಮಾಡ್ತಾನೇ ಇದೀನಿ" ಅಂದರು.

"ಮಾಡಿ ಸಿಸ್ಟರ್, ಖಂಡಿತ ಮಾಡಿ" ಅಂದಳು ಅಮ್ಮ. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಟೀ ಲೋಟವನ್ನು ಅವರ ಕೈಗೂ ಕೊಟ್ಟಳು. "ಆದ್ರೆ ಇನ್ಮೇಲೆ ಕರ್ತರು ನನ್ನ ವಿಷಯ ಏನಾದ್ರೂ ತೋರಿಸಿದ್ರೆ, ಅವಳ ಹತ್ರ ನೀವೇ ಹೋಗಿ ಹೇಳಿ ಸ್ವಾಮಿ ಅಂತ ಅವರಿಗೇ ಅನ್ನಿ. ಅಟ್ಟೂರಿಗೆ ಬೇಡ, ಮುಂದಿನ ವಾರದಿಂದ ನಾನು ನಾಗಸಂದ್ರದಲ್ಲಿರ್ತೀನಿ ಅಂತಾನೂ ಹೇಳಿ."